ತೊಳೆದದ್ದು ಸಾಕು, ಸೋರುವುದನ್ನು ನೋಡಿ

ನಮ್ಮ ಊರಿನ ಅತ್ಯಂತ ಶುಭ್ರ ಸರ್ವಿಸ್ ಸೆಂಟರಿನ ಮುಖ್ಯಸ್ಥರಿಗೆ,

ಮಾನ್ಯರೇ,

ತಾವೂ, ತಮ್ಮ ಸಿಬ್ಬಂದಿಯೂ, ತಮ್ಮ ನೀರಿನ ಪಂಪೂ ಕ್ಷೇಮವಾಗಿದ್ದೀರೆಂದು ನಂಬಿ ಈ ಬಹಿರಂಗ ಪತ್ರಕ್ಕೆ ಕೈಹಾಕಿದ್ದೇನೆ. ನಾವೂ ಕ್ಷೇಮ. ನಮ್ಮ ಏಳು ಸೀಟಿನ ಎಸ್‌ಯುವಿ ಮಾತ್ರ ಎಂದಿನಂತೆ ಮನೆಯ ಮುಂದೆ ನಿಂತು ಆಯಿಲ್ ತೊಟ್ಟಿಕ್ಕುತ್ತಿದೆ. ಅದರಡಿ ನನ್ನ ಹೆಂಡತಿ ಹಾಸುವ ರಟ್ಟಿನ ಮೇಲೆ ಮೂಡುವ ಕಲೆಗಳಲ್ಲಿ ಮಗಳು ದಿನಾ ಬೆಳಿಗ್ಗೆ ಒಂದೊಂದು ಪ್ರಾಣಿಯನ್ನು ಗುರುತಿಸುತ್ತಾಳೆ. ಮೊದಮೊದಲು ಇಲಿ ಕಾಣಿಸುತ್ತಿತ್ತು, ತಮ್ಮ ಸೇವೆಯ ಫಲವಾಗಿ ಈಗ ಆನೆಗೆ ಬಂದು ನಿಂತಿದ್ದೇವೆ.

ಮೊದಲು ತಮ್ಮನ್ನು ಅಭಿನಂದಿಸಬೇಕು. ಆಯಿಲ್ ಸೋರುತ್ತಿದೆಯೆಂದು ನಾನು ಗಾಡಿ ತಂದಾಗಲೆಲ್ಲ ತಾವು ಅದನ್ನು ಮೊದಲು ಸ್ನಾನಕ್ಕೆ ಕಳಿಸಿ, ಬಾನೆಟ್ಟಿನ ಕೆಳಗೆಲ್ಲ ನೊರೆಯೆಬ್ಬಿಸಿ, ಒರೆಸಿ, ಒಣಗಿಸಿ, ಇಂಜಿನ್ ಫಳಫಳ ಹೊಳೆಯತೊಡಗಿದ ಮೇಲೆ ಟಾರ್ಚ್ ಹಿಡಿದು ಲೀಕ್ ಹುಡುಕುವ ಪದ್ಧತಿ ಇಟ್ಟುಕೊಂಡಿದ್ದೀರಿ. ಕಳ್ಳನ ಹೆಜ್ಜೆಗುರುತನ್ನೆಲ್ಲ ಗುಡಿಸಿ ಸಾರಿಸಿ, ಆಮೇಲೆ ಕಳ್ಳ ಬಂದೇ ಇಲ್ಲವೆಂದು ಸಾಧಿಸುವ ಈ ವಿದ್ಯೆಯನ್ನು ಪೊಲೀಸರೂ ತಮ್ಮಲ್ಲಿ ಬಂದು ಕಲಿಯಬೇಕು. ತೊಳೆದ ಮೇಲೆ ಒಂದಿಷ್ಟು ದೂರ ಓಡಿಸಿದರೆ ಹೊಸ ಆಯಿಲ್ ಎಲ್ಲಿಂದ ಇಣುಕುತ್ತದೆಂದು ತಿಳಿದೀತು ಎಂಬ ಅಸಭ್ಯ ಸಲಹೆಯನ್ನು ನನ್ನ ಭಾವಮೈದುನ ಕೊಟ್ಟಾಗ, ಕೌಂಟರಿನಲ್ಲಿದ್ದ ತಮ್ಮ ಸಲಹೆಗಾರರು ನೊಂದುಕೊಂಡು, "ಓಡಿಸಿದ್ರೆ ಮತ್ತೆ ಗಲೀಜಾಗುತ್ತಲ್ಲ ಸರ್" ಎಂದರು. ಭಾವಮೈದುನ ಅಂದಿನಿಂದ ಯಾರಿಗೂ ಸಲಹೆ ಕೊಡುತ್ತಿಲ್ಲ.

ತಾವು ಕೈಕಟ್ಟಿ ಕೂತಿರೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಹನಿ ಬೀಳುವ ಜಾಗದ ನೇರಕ್ಕೆ ಏನೇನಿತ್ತೋ ಅದನ್ನೆಲ್ಲ ಬದಲಿಸಿದಿರಿ. ಆಯಿಲ್ ಇಳಿಸುವ ನಟ್ಟಿನ ವಾಷರ್ ಹೋಯಿತು, ಫಿಲ್ಟರ್ ಹೋಯಿತು, ಅದೇ ನಟ್ಟನ್ನು ಮತ್ತೆ ಮತ್ತೆ ಬಿಗಿದಿರಿ. ಇನ್ನು ಉಳಿದಿರುವುದು ನಮ್ಮ ಮನೆ ಮುಂದಿನ ನೆಲವೊಂದೇ, ಅದನ್ನೂ ಬದಲಿಸಲು ಆಳು ಕಳಿಸುತ್ತೀರೇನೋ ಎಂದು ಕಾದಿದ್ದೆವು.

ತಮಾಷೆ ಬದಿಗಿರಲಿ. ಬೆಟ್ಟದಾಚೆಯ ಊರಿನಲ್ಲಿ ನನ್ನ ದೊಡ್ಡಮ್ಮ, ಅಂದರೆ ನನ್ನ ತಾಯಿಯ ಒಬ್ಬಳೇ ಅಕ್ಕ, ಹಾಸಿಗೆ ಹಿಡಿದಿದ್ದಾರೆ. ಮಾತೆಲ್ಲ ತೊದಲುತ್ತದೆ, ಆದರೆ ಫೋನಿನಲ್ಲಿ ತಂಗಿಯನ್ನು ಕೇಳುವ "ಯಾವಾಗ ಬರ್ತೀಯೇ" ಎಂಬುದೊಂದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ತಾಯಿಗೆ ಬೆನ್ನುನೋವು, ಬಸ್ಸಿನಲ್ಲಿ ಕೂರಲಾಗದು. ಅವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಹೋಗಲೆಂದೇ ನಾವು ಇಷ್ಟು ದೊಡ್ಡ ಗಾಡಿ ತೆಗೆದುಕೊಂಡದ್ದು. ಲೀಕ್ ಇಲ್ಲವೇ ಇಲ್ಲ ಎಂಬ ತಮ್ಮ ಅಭಯವನ್ನು ನಂಬಿ ಹೊರಟವರಿಗೆ, ಬೆಟ್ಟವನ್ನು ಅರ್ಧ ಹತ್ತುವಷ್ಟರಲ್ಲಿ ಆಯಿಲಿನ ಕೆಂಪು ದೀಪ ಹೊತ್ತಿಕೊಂಡಿತು. ಗಾಡಿ ನಿಲ್ಲಿಸಿ, ಡಬ್ಬಿಯಲ್ಲಿದ್ದಷ್ಟು ಆಯಿಲ್ ಸುರಿದು, ಬಂದ ದಾರಿಗೇ ತಿರುಗಿಸಿದೆ. ತಾಯಿ ಅಕ್ಕನಿಗೆಂದು ಹೆಣೆದ ಸ್ವೆಟರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಆವತ್ತು ತಮ್ಮ ಮೇಲೆ ಬಂದಷ್ಟು ಸಿಟ್ಟು ನನಗೆ ಈ ಜನ್ಮದಲ್ಲಿ ಇನ್ನಾರ ಮೇಲೂ ಬಂದಿಲ್ಲ.

ಮರುದಿನ ತಾಯಿಯೇ ಸೆರಗು ಸಿಕ್ಕಿಸಿ ನಿಂತರು. ಹಿಂದೊಮ್ಮೆ ಅಡುಗೆಮನೆಯ ಗೋಡೆ ಒಸರಿದಾಗ ಅದಕ್ಕೆ ಪೌಡರ್ ಬಳಿದು, ಎಲ್ಲಿ ಮೊದಲು ಒದ್ದೆಯಾಗುತ್ತದೆಂದು ಕಾದು ಕೂತು ಒಡಕು ಪೈಪನ್ನು ಹಿಡಿದವರು ಅವರು. ನಾನು ಹಳೆಯ ಬಟ್ಟೆಯಿಂದ ಇಂಜಿನ್ ಒರೆಸಿಕೊಟ್ಟೆ, ಅವರು ಮುಖದ ಪೌಡರಿನ ಡಬ್ಬಿಯನ್ನು ಅದರ ಮೇಲೆ ಬರಿದು ಮಾಡಿದರು, ಹೆಂಡತಿ ಗಾಡಿಯನ್ನು ಒಂದು ಸುತ್ತು ಓಡಿಸಿಕೊಂಡು ಬಂದಳು. ಬಾನೆಟ್ ಎತ್ತಿದರೆ ಬಿಳಿ ಪೌಡರಿನ ನಡುವೆ ಒಂದೇ ಒಂದು ಕಪ್ಪು ಗೆರೆ! ಇಂಜಿನ್ನಿನ ನೆತ್ತಿಯ ಮುಚ್ಚಳದ ಹಿಂಬದಿಯಲ್ಲಿ, ಸಂದಿ ಮುಚ್ಚಲು ಕೂರಿಸಿದ ರಬ್ಬರ್ ಗ್ಯಾಸ್ಕೆಟ್ ಒಣಗಿ ಬಾಯಿಬಿಟ್ಟ ಕಡೆಯಿಂದ ಹೊರಟು, ಬೆನ್ನಗುಂಟ ಇಳಿದು, ತಾವು ಬಿಗಿದೂ ಬಿಗಿದೂ ಸುಸ್ತಾದ ಆ ಬಡಪಾಯಿ ನಟ್ಟಿನ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. "ಮೇಲಿಂದ ಸೋರ್ತಾ ಇದ್ರೆ ಇವರು ಕೆಳಗೆ ತಡಕಾಡ್ತಾ ಇದಾರಲ್ಲೋ" ಎಂದರು ತಾಯಿ.

ಈ ಸಾಕ್ಷಿ ಕೆಡದಂತೆ, ಗುಂಡಿ ಕಂಡಲ್ಲೆಲ್ಲ ಮದುಮಗಳನ್ನು ಕರೆತರುವವನ ಹಾಗೆ ಮೆಲ್ಲಗೆ ಇಳಿಸಿ, ಗಾಡಿಯನ್ನು ತಮಗೆ ತಂದೊಪ್ಪಿಸಿದೆ. ಸಂಜೆ ತಮ್ಮ ಸಲಹೆಗಾರರು ಮುಖವರಳಿಸಿ ಹೇಳಿದರು: "ಇಂಜಿನ್ ತುಂಬಾ ಏನೋ ಬಿಳೀದು ಮೆತ್ತಿಕೊಂಡಿತ್ತು ಸರ್, ನೀಟಾಗಿ ತೊಳೆದುಬಿಟ್ಟಿದೀವಿ. ಲೀಕ್ ಏನೂ ಇಲ್ಲ." ನಾನು ಮನೆಯಲ್ಲೇ ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಆ ಕಪ್ಪು ಗೆರೆಯ ಫೋಟೊ ತೋರಿಸಿದೆ. ಅವರು ಅದನ್ನು ದೊಡ್ಡದು ಮಾಡಿ ನೋಡಿ, "ಇದರಲ್ಲಿ ಎಷ್ಟು ಗಲೀಜಾಗಿತ್ತು, ಈಗ ನೋಡಿ" ಎಂದು ಬಾನೆಟ್ ಎತ್ತಿ ತೋರಿಸಿದರು. ಅಷ್ಟು ಹೊಳಪಿನಲ್ಲಿ ನನಗೆ ನನ್ನ ಮುಖವೇ ಕಾಣಿಸಿತು, ಅದು ಅಳುವ ಹಾಗಿತ್ತು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳು. ತಮ್ಮ ಪಂಪನ್ನು ಬೆಟ್ಟದ ಕಡೆ ತಿರುಗಿಸಿ ಆ ಏರನ್ನೊಮ್ಮೆ ತೊಳೆದು ಸಪಾಟು ಮಾಡಿಕೊಡಬೇಕು. ಅದು ಕಷ್ಟವಾದರೆ ದೊಡ್ಡಮ್ಮನ ಮನೆಯನ್ನು ಬೆಟ್ಟದಿಂದ ಈಚೆಗೆ ತಂದಿಡಬೇಕು. ಅದೂ ಆಗದಿದ್ದಲ್ಲಿ, ನಾವು ಹೋಗಿ ತಲುಪುವವರೆಗೆ ಅವರ ಆಯಸ್ಸು ಸೋರದಂತೆ ಒಂದು ವಾಷರ್ ಹಾಕಿ ಬಿಗಿಯಬೇಕು. ಇವು ಯಾವುವೂ ಸಾಧ್ಯವಿಲ್ಲವೆಂದಾದರೆ, ತಮಗೆ ಬೇಸರವಾಗುವುದೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ಮುಚ್ಚಳದ ಆ ಗ್ಯಾಸ್ಕೆಟ್ ಬದಲಿಸಬೇಕು.

ಹನಿಹನಿಯಾಗಿ ತಮ್ಮನ್ನೇ ನೆನೆಯುತ್ತಿರುವ,
ತಮ್ಮ ವಿಶ್ವಾಸಿ,
ಫಳಫಳ ಹೊಳೆಯುವ ಗಾಡಿಯ ಮಾಲೀಕ

ಮರೆತ ಮಾತು: ನಾಳೆ ತಾವು ಬಾಗಿಲು ತೆರೆಯುವ ಹೊತ್ತಿಗೆ ಗಾಡಿ ಹೊಸದಾಗಿ ಪೌಡರ್ ಹಚ್ಚಿಕೊಂಡು ಅಲ್ಲಿರುತ್ತದೆ. ಹಿಂದಿನ ಸೀಟಿನಲ್ಲಿ ಸ್ವೆಟರಿನ ಚೀಲ ಹಿಡಿದು ಕುಳಿತಿರುವವರು ನನ್ನ ತಾಯಿ. ಗ್ಯಾಸ್ಕೆಟ್ ಹಾಕುವ ತನಕ ಅವರು ಕೆಳಗಿಳಿಯುವುದಿಲ್ಲವಂತೆ, ಹಾಕಿದ ಮೇಲೂ ಇಳಿಯುವುದಿಲ್ಲವಂತೆ, ಅಲ್ಲಿಂದ ನೇರವಾಗಿ ಅಕ್ಕನ ಮನೆಗೇ ಹೊರಡುವುದಂತೆ. ಅವರು ಮನೆಯಲ್ಲೇ ಸ್ನಾನ ಮಾಡಿಕೊಂಡು ಬಂದಿರುತ್ತಾರೆ. ದಯವಿಟ್ಟು ತೊಳೆಯಬೇಡಿ.