ತಾಲೂಕುದಾರನ ಟೇಬಲ್

ಎಲೆ ನೋಡಿ ಮರ ಗುರುತಿಸುವುದು ಯಾರಿಗಾದರೂ ಬಂದೀತು. ಕಡಿದು, ಕೊಯ್ದು, ಮೂರು ಬಣ್ಣ ಬಳಿದು, ಮೇಲೆ ಬಾಳೆಗೊನೆ ಪೇರಿಸಿಟ್ಟ ಮೇಲೂ ಗುರುತಿಸುವವನೇ ನಿಜವಾದ ಸಸ್ಯಶಾಸ್ತ್ರಜ್ಞ ಎಂಬುದು ಜಗದೇವಪ್ಪನವರ ಅಭಿಪ್ರಾಯ. ಕಲಬುರಗಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಹೇಳಿ ನಿವೃತ್ತರಾದ ಅವರಿಗೆ ಇದನ್ನು ಸಾಬೀತುಪಡಿಸುವ ಸುಯೋಗ ಒದಗಿದ್ದು ಕಮಲಾಪುರದಲ್ಲಿ, ಹೆಂಡತಿಯ ತಮ್ಮ ರೇವಣನ ಬಾಳೆಹಣ್ಣಿನ ಕೋಣೆಯಲ್ಲಿ.

ಕೆಂಪು ಬಾಳೆ ತರಲು ಹೋದವರು ಹಣ್ಣು ಬಿಟ್ಟು ಅದರ ಕೆಳಗಿನ ಟೇಬಲ್ಲಿಗೆ ಮನಸೋತರು. ಹಸಿರು ಬಣ್ಣವನ್ನು ಕೀಲಿಕೈಯಿಂದ ಕೆರೆದರು, ಮೂಸಿದರು, (ರೇವಣ ಆ ಕಡೆ ತಿರುಗಿದಾಗ) ನಾಲಗೆಯನ್ನೂ ತಾಗಿಸಿದರು.

“ರೇವಣ, ಇದು ಸಾಗವಾನಿ! ನಿಜಾಮನ ತಾಲೂಕುದಾರ ಕುಂತು ಫರ್ಮಾನು ಬರದ ಟೇಬಲ್. ಕಾಲಿನ ಕೆತ್ತನಿ ನೋಡು!”

“ಹೌದ್ರಿ ಮಾವ?” ಎಂದ ರೇವಣ, ಬಹಳ ಗಂಭೀರವಾಗಿ.

ಸಂಶೋಧನೆಯ ಆವೇಶದಲ್ಲಿ ಜಗದೇವಪ್ಪನವರು ಬದಲಿಗೆ ತಮ್ಮ ಮನೆಯ ಗಾಜಿನ ಡೈನಿಂಗ್ ಟೇಬಲ್ ಕೊಡುತ್ತೇನೆಂದು ವಚನವಿತ್ತರು. ಅದು ಹೆಂಡತಿ ಸೂಗಮ್ಮನವರು ಹೋದ ದೀಪಾವಳಿಗೆ ಹಟ ಹಿಡಿದು ಕೊಂಡದ್ದು ಎಂಬುದು ನೆನಪಾದದ್ದು ಮಾರನೆಯ ದಿನ, ಟೆಂಪೋ ಮನೆ ಮುಂದೆ ಬಂದು ನಿಂತಾಗ. ಮೂರು ಸಮಜಾಯಿಷಿಗಳನ್ನು ಬಾಯಿಪಾಠ ಮಾಡಿಕೊಂಡು ಬಾಗಿಲಲ್ಲಿ ನಿಂತರು. ಸೂಗಮ್ಮನವರು ಟೇಬಲ್ಲನ್ನೊಮ್ಮೆ ನೋಡಿ, “ಕಾಲು ಚೌಕಟ್ಟಿಗಿ ಬಡೀತಾವು, ಹುಷಾರಿ” ಎಂದಷ್ಟೇ ಹೇಳಿ ಒಳಗೆ ಹೋದರು. ಪಾಂಡಿತ್ಯಕ್ಕೆ ಇಷ್ಟು ಬೇಗ ಜಯ ಸಿಕ್ಕೀತೆಂದು ಜಗದೇವಪ್ಪನವರು ಎಣಿಸಿರಲಿಲ್ಲ.

ಆಮೇಲೆ ಶುರುವಾಯಿತು ಮರಳುಕಾಗದದ ಮಹಾಯಜ್ಞ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕಾವಿ. ಪಡಸಾಲೆಯಿಂದ ಎದ್ದ ಧೂಳು ಅಡುಗೆಮನೆ ಸೇರಿತು.

“ಇವತ್ತಿನ ರೊಟ್ಟ್ಯಾಗ ಜ್ವಾಳ ಎಷ್ಟು, ಟೇಬಲ್ ಎಷ್ಟು?” ಎಂದರು ಸೂಗಮ್ಮ, ತಟ್ಟೆ ಇಡುತ್ತಾ.

“ಸಾಗವಾನಿ ಅಂದ್ರ ಏನಂತ ತಿಳಕೊಂಡಿ? ನೂರು ವರ್ಷದ ಹಿಂದಿಂದು!”

“ನಮ್ಮ ರೇವಣ ಸಾಗಹಾಕ್ಯಾನಲ್ಲ, ಅದಕ್ಕ ಸಾಗವಾನಿ.”

ಹನ್ನೆರಡನೆಯ ದಿನ ಜಗದೇವಪ್ಪನವರ ಸೊಂಟ ಹಿಡಿಯಿತು. ಮೋಮಿನಪುರದಿಂದ ಪಾಲಿಶ್ ಕೆಲಸದ ಹಲೀಮಾ ಬಂದಳು. ಬಡಗಿ ತಂದೆಯಿಂದ ಕಲಿತ ಕೈ. ಅಂಗೈಯಿಂದ ಹಲಗೆ ಸವರಿ, “ಲಕಡಿ ಅಸಲಿ ಸಾಗವಾನಿ ಅದ್ರಿ ಸಾಬ್” ಎಂದಳು. ಜಗದೇವಪ್ಪನವರು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಹೆಂಡತಿಯ ಕಡೆ ನೋಡಿದರು. “ಖರೆ, ನಿಜಾಮನ ಕಾಲಕ್ಕ ಈ ಪ್ಲಸ್ ಸ್ಕ್ರೂ ಎಲ್ಲಿತ್ರಿ?” ಎಂದಳು ಹಲೀಮಾ.

“ಅದು ಆಮ್ಯಾಲೆ ಯಾರೋ ರಿಪೇರಿ ಮಾಡ್ಯಾರ,” ಎಂದು ಇತಿಹಾಸವನ್ನೇ ರಿಪೇರಿ ಮಾಡಿದರು ಜಗದೇವಪ್ಪ.

ಮೂರು ದಿನ ಅರಗಿನ ಪಾಲಿಶ್ ಕುಡಿದ ಟೇಬಲ್ ಜೇನುತುಪ್ಪದಂತೆ ಹೊಳೆಯತೊಡಗಿತು. ‘ತಾಲೂಕುದಾರನ ಮೇಜು, ಕ್ರಿ.ಶ. ೧೯೦೦ರ ಆಸುಪಾಸು’ ಎಂದು ಒಂದು ಚೀಟಿಯೂ ಸಿದ್ಧವಾಯಿತು. ಭಾನುವಾರ ದರ್ಶನಕ್ಕೆ ಬಂದವರು ಇತಿಹಾಸದ ಮಾಜಿ ಮಾಸ್ತರ, ಗೆಳೆಯ ದೇವೀಂದ್ರಪ್ಪ. ಕೆಳಮಗ್ಗುಲಿಗೆ ಕೊನೆಯ ಕೈ ಹಾಕಲೆಂದು ಹಲೀಮಾ ಟೇಬಲ್ಲನ್ನು ಕಂಬಳಿಯ ಮೇಲೆ ಬೋರಲು ಹಾಕಿ ಮಸಿ ಒರೆಸಿದಳು. ಉಳಿಯಿಂದ ಕೊರೆದ ಉರ್ದು ಅಕ್ಷರಗಳು ಕಂಡವು.

“ಶಾಸನ!” ಎಂದರು ದೇವೀಂದ್ರಪ್ಪ, ಕನ್ನಡಕ ಏರಿಸಿ.

“ಓದವ್ವಾ ಹಲೀಮಾ, ಜೋರಾಗಿ ಓದು!” ಎಂದರು ಜಗದೇವಪ್ಪ.

ಹಲೀಮಾಳ ಮುಖ ಅರಳಿತು. “ಯಾ ಅಲ್ಲಾ, ಇದು ನಮ್ಮ ಅಬ್ಬಾನ ಅಕ್ಷರ ಅದ್ರಿ! ‘ಕಮಲಾಪುರದ ಅಮೋಘಪ್ಪನವರ ಮಗಳು ಸೂಗಮ್ಮನ ಮದುವಿಗಿ, ೧೯೮೮.’”

ದೇವೀಂದ್ರಪ್ಪ ಚಹಾದ ಕಪ್ಪನ್ನು ಬಹಳ ಜಾಗರೂಕತೆಯಿಂದ ಕೆಳಗಿಟ್ಟರು. ಸೂಗಮ್ಮನವರು ಮಂಡಕ್ಕಿ ಸೂಸಲದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಅಂದ್ರ... ಇದು ನಮ್ಮ ಮದುವಿದು?”

“ಹೂಂ. ‘ಈ ಹಳ್ಳಿ ಟೇಬಲ್ ಎಲ್ಲಿ ಇಡೂದು, ಮಡಚೂ ಸ್ಟೀಲ್ ಟೇಬಲ್ ಕೊಡ್ರಿ’ ಅಂತ ನೀವು ವಾಪಸ್ ಕಳಿಸಿದ್ರಲ್ಲ, ಅದೇ.”

“ನಿನಗ ಮೊದ್ಲೇ ಗೊತ್ತಿತ್ತೇನು?”

“ರೇವಣ ಅವತ್ತೇ ಫೋನ್ ಹಚ್ಚಿದ್ದ. ‘ಅಕ್ಕಾ, ಮಾವ ಗಾಜಿನ ಟೇಬಲ್ ಕೊಡ್ತೀನಿ ಅನ್ಲಾಕತ್ತಾರ, ಏನ್ ಮಾಡ್ಲಿ?’ ಅಂದ. ಅವರ ಮನಸ್ಸು ತಿರುಗೂದ್ರೊಳಗ ಟೆಂಪೋ ತುಂಬು ಅಂದೆ.”

“ಗೊತ್ತಿದ್ದೂ ನನ್ನ ಕಡಿಂದ ಹನ್ನೆರಡು ದಿನ ತಿಕ್ಕಿಸಿದಿ?”

“ನಮ್ಮಪ್ಪ ಆಸೆಪಟ್ಟು ಮಾಡಿಸಿದ್ರು. ಅವರದಂತ ಹೇಳಿದ್ರ ನೀವು ತಿಕ್ಕತಿದ್ರೇನು?”

ಜಗದೇವಪ್ಪನವರಿಗೆ ಆ ಮದುವೆಯ ದಿನ ನೆನಪಾಯಿತು. ಆಗ ಹೊಸ ಮದುಮಗ. ಮರದ ಎಳೆ ನೋಡುವಷ್ಟೂ ಹೊತ್ತು ಟೇಬಲ್ಲಿನ ಮುಂದೆ ನಿಂತಿರಲಿಲ್ಲ. ಚೀಟಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿ, ಹಲೀಮಾಳೊಂದಿಗೆ ತಾವೂ ಕೈಹಾಕಿ ಟೇಬಲ್ಲನ್ನು ಎತ್ತಿ ನಿಲ್ಲಿಸಿದರು. ಸೂಗಮ್ಮನವರು ಅದರ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದರು, ಆಮೇಲೆ ನಾಲ್ಕು ಜನರಿಗೂ ಸೂಸಲ ಬಡಿಸಿದರು. ಊಟಕ್ಕೆ ಎತ್ತರ ಹೇಳಿ ಮಾಡಿಸಿದಂತಿತ್ತು. (ಹೇಳಿಯೇ ಮಾಡಿಸಿದ್ದು.)

ತಿಂದು ಮುಗಿಸಿ ಹಲೀಮಾ ಡಬ್ಬಿ ಎತ್ತಿ ತೋರಿಸಿದಳು. “ಪಾಲಿಶ್ ಜರಾ ಉಳದದ್ರಿ ಅಮ್ಮಾ. ಇನ್ನೊಂದು ಕೋಟ್ ಹೊಡೀಲೇನ್ರಿ?”

“ಟೇಬಲ್ಲಿಗಿ ಸಾಕು,” ಎಂದರು ಸೂಗಮ್ಮ. “ಉಳದಿದ್ದು ಸಾಹೇಬ್ರ ಮಾರಿಗಿ ಹೊಡಿ. ಬಣ್ಣ ಪೂರಾ ಇಳದದ.”