ಹಪ್ಪಳದ ಕಂತು

ನನಗಾದ ಅವಮಾನವನ್ನು ನಿಮ್ಮ ಮುಂದೆ ತೋಡಿಕೊಳ್ಳುವ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ನಾನು ಧಾರಾವಾಹಿ ನೋಡುವವನಲ್ಲ. ನನ್ನ ಕಣ್ಣುಗಳ ಮೇಲೆ ನನಗೆ ಅಷ್ಟೊಂದು ಸಿಟ್ಟಿಲ್ಲ. ನಾನು ಧಾರಾವಾಹಿಗಳ ವಿಮರ್ಶಕ ಮಾತ್ರ. (ನೋಡುವುದು ಬೇರೆ, ವಿಮರ್ಶಿಸುವುದು ಬೇರೆ ಎಂಬುದು ಸಾಹಿತ್ಯದ ಸಭೆಗಳಿಗೆ ಹೋಗಿ ಬಂದವರಿಗೆಲ್ಲ ಗೊತ್ತು.)

ಹೆಸರು ಶಾಂತಾರಾಮ ಹೆಗಡೆ. ಹೊನ್ನಾವರದ ತಾಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಇಪ್ಪತ್ತೇಳು ವರ್ಷದಿಂದ ಜನರ ಅರ್ಜಿ, ತಕರಾರು, ಪಾಲುಪಟ್ಟಿ ಬರೆದುಕೊಡುತ್ತಿದ್ದೇನೆ. ಬೇಲಿ ಒತ್ತುವರಿಯ ಬಗ್ಗೆಯೇ ಸಾವಿರ ಅರ್ಜಿ ಬರೆದಿದ್ದೇನೆ, ಒಂದೇ ಒಂದು ಬೇಲಿಯನ್ನು ಕಣ್ಣಾರೆ ಕಂಡವನಲ್ಲ. ಕಕ್ಷಿದಾರ ಎದುರು ಕೂತು ಗೋಳು ಹೇಳುತ್ತಾನೆ. ನಾನು ಅದಕ್ಕೆ 'ಸದರಿ', 'ಮೇಲ್ಕಂಡ', 'ಎಂಬಿತ್ಯಾದಿ' ಸೇರಿಸಿ ಒಗ್ಗರಣೆ ಕೊಡುತ್ತೇನೆ. ಹಾಗಿರುವಾಗ ಕೇವಲ ವಿಮರ್ಶೆ ಬರೆಯುವುದಕ್ಕೆ ಧಾರಾವಾಹಿ ನೋಡಬೇಕು ಎಂದರೆ ನನ್ನ ಕಸುಬಿಗೇ ಅವಮಾನ.

ನೋಡುವ ಕೆಲಸ ನನ್ನ ಹೆಂಡತಿ ಮಹಾಲಕ್ಷ್ಮಿಯದು. ಸಂಜೆ ಏಳರಿಂದ ಒಂಬತ್ತರವರೆಗೆ ನಾಲ್ಕು ಧಾರಾವಾಹಿ ನೋಡುತ್ತಾಳೆ. ಬೆಳಿಗ್ಗೆ ನಾನು ಬಚ್ಚಲಿನಲ್ಲಿ ಗಡ್ಡ ಹೆರೆಯುತ್ತಾ 'ನಿನ್ನೆ ಎಂತ ಆತು?' ಎನ್ನುತ್ತೇನೆ. ಅವಳು ದೋಸೆ ಎರೆಯುತ್ತಾ ಹೇಳುತ್ತಾಳೆ. ಒಂಬತ್ತು ಗಂಟೆಗೆ 'ಧಾರಾವಾಹಿ ಚಾವಡಿ' ಎಂಬ ವಾಟ್ಸಾಪ್ ಗುಂಪಿನಲ್ಲಿ ನನ್ನ ವಿಮರ್ಶೆ, ಹತ್ತಕ್ಕೆ ಇಷ್ಟು ಅಂಕ ಎಂಬ ತೀರ್ಪಿನ ಸಮೇತ, ಪ್ರಕಟವಾಗುತ್ತದೆ. ಭಟ್ಕಳದಿಂದ ಕುಮಟಾದವರೆಗೆ ನಾಲ್ಕುನೂರು ಜನ ಓದುತ್ತಾರೆ. ಹೇಗಿರುತ್ತದೆ ಎಂದು ಒಂದೆರಡು ಮಾದರಿ ಕೊಡುತ್ತೇನೆ.

'ಅರಿಶಿನದ ಗೆರೆ, ಕಂತು 412. ಅತ್ತೆ ಹಾಲಿಗೆ ವಿಷ ಹಾಕಿದ್ದು ಸೋಮವಾರ. ಲೋಟ ಸೊಸೆಯ ತುಟಿಗೆ ತಲುಪಿದ್ದು ಶುಕ್ರವಾರ. ಅಷ್ಟು ದಿನಕ್ಕೆ ಹಾಲು ತಾನೇ ಕೆಟ್ಟು ವಿಷವಾಗುತ್ತಿತ್ತು, ಅತ್ತೆ ಸುಮ್ಮನೆ ಖರ್ಚು ಮಾಡಿಕೊಂಡಳು. ಹತ್ತಕ್ಕೆ ಮೂರು.'

'ಬಾಡಿಗೆ ಅಳಿಯ, ಕಂತು 58. ಇದು ಹಾಸ್ಯ ಧಾರಾವಾಹಿ ಎಂದು ಮೊದಲೇ ಅಕ್ಷರದಲ್ಲಿ ತೋರಿಸಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ತಿಳಿಯುತ್ತಿರಲಿಲ್ಲ. ಅಳಿಯ ನಾಲ್ಕು ಸಲ ಜಾರಿ ಬಿದ್ದ. ಸಹಜವಾಗಿ ನಟಿಸಿದ್ದು ನೆಲ ಮಾತ್ರ. ನೆಲಕ್ಕೆ ಎಂಟು, ಉಳಿದವರಿಗೆ ಒಂದು.'

ನನ್ನ ಮೇಜಿನ ಪಕ್ಕದಲ್ಲಿ ಹೂವು ಮಾರುವ ಬಂಗಾರಿಗೆ ಅವಳ ಮೊಮ್ಮಗಳು ಇದನ್ನೆಲ್ಲ ದಿನವೂ ಓದಿ ಹೇಳುತ್ತಾಳಂತೆ. "ಹೆಗಡೇರೇ, ನೀವು ಬರಿಯೂಕೆ ಹತ್ತಿದ ಮೇಲೆ ನಾ ಟೀವಿ ಹಚ್ಚೂದೇ ಬಿಟ್ಟೆ ಮಾರಾಯ್ರೆ" ಎಂದಳು. ವಿಮರ್ಶಕನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ?

ಆದರೆ ಹಿತ್ತಲ ಗಿಡ ಮದ್ದಲ್ಲ.

"ನೋಡೂದು ಆನು, ಹೆಸರು ನಿಂಗಕ್ಕೆ" ಎಂದು ಮಹಾಲಕ್ಷ್ಮಿ ಒಂದು ದಿನ ಸಿಡುಕಿದಳು.

"ಅಕ್ಕಿ ನಿಂದು, ದೋಸೆ ನಂದು" ಎಂದು ನಾನು ಸಾಹಿತ್ಯಿಕವಾಗಿ ವಿವರಿಸಿದೆ.

"ದೋಸೆನೂ ಆನೇ ಎರೀತೆ. ನಿಂಗ ತಿಂಬದು ಮಾತ್ರ."

ಇಂಥ ವಾತಾವರಣದಲ್ಲಿ ಕುಮಟಾದ ಒಂದು ಮಹಿಳಾ ಮಂಡಲದಿಂದ ಪತ್ರ ಬಂತು. ಭಾನುವಾರ ಮಧ್ಯಾಹ್ನ ನನಗೆ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಜೊತೆಗೆ 'ಧಾರಾವಾಹಿ ವಿಮರ್ಶಾ ಭಾಸ್ಕರ' ಎಂಬ ಬಿರುದು. ಕೊನೆಯಲ್ಲಿ ವೀಕ್ಷಕಿಯರೊಂದಿಗೆ ಸಂವಾದ. ಅಧ್ಯಕ್ಷೆ ಶ್ರೀಗೌರಿಯವರ ಸಹಿ. ನಾನು ಆ ಪತ್ರವನ್ನು ಏಳು ಸಲ ಓದಿದೆ. ಜನ್ಮವಿಡೀ ಊರಿನವರ ಅರ್ಜಿಗಳನ್ನೇ ಬರೆದವನಿಗೆ ಊರೇ ಬರೆದ ಮೊದಲ ಕಾಗದ ಅದು. ಭಾನುವಾರದೊಳಗೆ ಒಂದು ಖಡಕ್ ವಿಮರ್ಶೆ ಬರೆದು ಕುಮಟಾದವರು ಮೂಗಿನ ಮೇಲೆ ಬೆರಳಿಡುವಂತೆ ಮಾಡಬೇಕು ಎಂದು ನಿರ್ಧರಿಸಿದೆ.

ಬುಧವಾರ ಒಂದು ದಸ್ತಾವೇಜಿನ ಕೆಲಸಕ್ಕೆ ಭಟ್ಕಳಕ್ಕೆ ಹೋದವನು ಮನೆಗೆ ಬರುವಾಗ ಊಟದ ಹೊತ್ತು ಮೀರಿತ್ತು. ಗುರುವಾರ ಬೆಳಿಗ್ಗೆ ಮುಖಕ್ಕೆ ಸಾಬೂನು ಹಚ್ಚಿಕೊಂಡು ನಲ್ಲಿ ಬಿಟ್ಟು ಎಂದಿನಂತೆ ಕೂಗಿದೆ: "ನಿನ್ನೆ ಎಂತ ಆತು?"

ಮಹಾಲಕ್ಷ್ಮಿ ಸೌಟು ಹಿಡಿದುಕೊಂಡೇ ಬಚ್ಚಲ ಬಾಗಿಲಿಗೆ ಬಂದಳು. ಕಣ್ಣು ಕೆಂಪಾಗಿತ್ತು. (ಈರುಳ್ಳಿ ಎಂದುಕೊಂಡೆ.)

"ಕೇಳೂದೇ ಬ್ಯಾಡ ಆ ಕಥೆಯ" ಎಂದು ಶುರು ಮಾಡಿದಳು. ನಲ್ಲಿಯ ಸದ್ದಿನಲ್ಲಿ ಹೆಸರುಗಳು ಸರಿಯಾಗಿ ಕೇಳಿಸಲಿಲ್ಲ. ನನಗೆ ಹೆಸರು ಬೇಕಾಗಿಯೂ ಇಲ್ಲ, ವಾದಿ ಪ್ರತಿವಾದಿ ಗೊತ್ತಾದರೆ ಸಾಕು. ಕೇಳಿಸಿದ್ದಿಷ್ಟು: ಅತ್ತೆ ಹಲಸಿನ ಹಪ್ಪಳದ ಡಬ್ಬಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಮನೆಗೆ ನೆಂಟರು ಬಂದಿದ್ದಾರೆ. ಸೊಸೆ ಅತ್ತೆಯನ್ನು ಕೇಳದೆ ಅಂಗಡಿಯ ಪ್ಯಾಕೆಟ್ ಹಪ್ಪಳ ತಂದು ಕರಿದು ಬಡಿಸಿದ್ದಾಳೆ. ಅದನ್ನು ಎಲೆಯಲ್ಲಿ ಕಂಡ ಅತ್ತೆ ಊಟ ಬಿಟ್ಟು ಎದ್ದು, ಅಂದಿನಿಂದ ಜಗುಲಿಯಲ್ಲಿ ಬೇರೆ ಒಲೆ ಹೂಡಿ ಗಂಜಿ ಬೇಯಿಸಿಕೊಳ್ಳುತ್ತಿದ್ದಾಳೆ. ಎಂಟು ದಿನದಿಂದ ಅತ್ತೆ ಸೊಸೆಗೆ ಮಾತಿಲ್ಲ. ಇದನ್ನೆಲ್ಲ ಮಗಳಿಗೆ ಫೋನಿನಲ್ಲಿ ಹೇಳಿ ಅತ್ತೆ ಅಳುವುದು, ಆ ಕಡೆಯಿಂದ ಮಗಳೂ ಅಳುವುದು.

"ನಿಂಗ ಒಂದು ಮಾತು ಹೇಳಿರೆ ಕೇಳ್ತಿತ್ತು" ಎಂದಳು ಕೊನೆಗೆ.

"ಹೇಳ್ತೆ, ಹೇಳ್ತೆ. ಇವತ್ತೇ ಹೇಳ್ತೆ. ಬಿಡ್ತ್ನಿಲ್ಲೆ" ಎಂದೆ.

ಅವಳ ಮುಖ ಅರಳಿತು. ಅಂದು ನನಗೆ ಕೇಳದೆಯೇ ಎರಡು ದೋಸೆ ಹೆಚ್ಚು, ಮೇಲೆ ಬೆಣ್ಣೆ. ಕಲಾವಿದನಿಗೆ ಮನೆಯಲ್ಲೂ ಬೆಲೆ ಬರುತ್ತಿದೆ ಎಂದು ಭಾವಿಸಿ ತಿಂದೆ.

ಒಂಬತ್ತಕ್ಕೆ ಸರಿಯಾಗಿ ಸಿಡಿಲು ಹೊಡೆದಂತೆ ವಿಮರ್ಶೆ ಹೊರಬಿತ್ತು: 'ಅರಿಶಿನದ ಗೆರೆ, ಕಂತು 431. ವಿಷ ಮುಗಿದ ಮೇಲೆ ಹಪ್ಪಳ! ಹಪ್ಪಳದ ಡಬ್ಬಿಗೆ ಬೀಗ ಹಾಕುವ ಮುದುಕಿಯನ್ನು ಈ ಕಥೆಗಾರರು ಯಾವ ಊರಿನಲ್ಲಿ ಕಂಡರೋ! ಇಂಥ ಅತ್ತೆ ಭೂಮಿಯ ಮೇಲೆ ಹುಟ್ಟಲು ಸಾಧ್ಯವಿಲ್ಲ. ಸೊಸೆಯಾದರೋ ಹಪ್ಪಳ ಕರಿಯಲೂ ಬಾರದ, ನಟಿಸಲೂ ಬಾರದ ಪ್ಯಾಕೆಟ್ ಸೊಸೆ. ಇನ್ನು ಫೋನಿನಲ್ಲಿ ಅಳುವ ಮಗಳ ಪಾತ್ರ ಸಂಪೂರ್ಣ ಅನಗತ್ಯ. ಕತ್ತರಿಸಿ ತೆಗೆದರೂ ಕಥೆಗೆ ನಷ್ಟವಿಲ್ಲ. ಹತ್ತಕ್ಕೆ ಎರಡು.'

ಗುಂಪು ಕುಣಿದಾಡಿತು. 'ಬುಧವಾರ ಸಂಜೆ ಹೊನ್ನಾವರದಲ್ಲಿ ಕರೆಂಟ್ ಇಲ್ಲದೆ ಕಂತು ತಪ್ಪಿಹೋಗಿತ್ತು, ನೀವಿಲ್ಲದಿದ್ದರೆ ನಮ್ಮ ಗತಿಯೇನು' ಎಂದು ಮೂವತ್ತು ಜನ ಬರೆದರು. (ಹೊನ್ನಾವರಕ್ಕೆಲ್ಲ ಇಲ್ಲದ ಕರೆಂಟ್ ನಮ್ಮನೆಗೆ ಮಾತ್ರ ಎಲ್ಲಿಂದ ಬಂತು ಎಂದು ನನಗೆ ಹೊಳೆಯಬೇಕಿತ್ತು. ಹೊಗಳಿಕೆ ಓದುವಾಗ ಅಂಥ ಕ್ಷುಲ್ಲಕ ಪ್ರಶ್ನೆಗಳು ಯಾರಿಗೆ ಹೊಳೆಯುತ್ತವೆ?) ಮಧ್ಯಾಹ್ನದಿಂದ ಮಹಾಲಕ್ಷ್ಮಿ ಮಾತು ಕಡಿಮೆ ಮಾಡಿದಳು. ದೋಸೆ ಎರಡಕ್ಕೆ ಇಳಿಯಿತು. ಸನ್ಮಾನದ ಹೊಟ್ಟೆಕಿಚ್ಚು ಎಂದು ಕ್ಷಮಿಸಿದೆ.

ಭಾನುವಾರ ಮಹಾಲಕ್ಷ್ಮಿಯನ್ನು ಕರೆದುಕೊಂಡು ಹೋದಾಗ ಕುಮಟಾದ ಸಭಾಭವನ ತುಂಬಿತ್ತು. ವೇದಿಕೆ ಹತ್ತಿ ನೋಡಿದರೆ ಮುಂದಿನ ಸಾಲಿನಲ್ಲಿ ನನ್ನ ಅತ್ತೆಯವರು! ಸಂತೆಗುಳಿಯಿಂದ ಬಂದಿದ್ದಾರೆ, ಪಟ್ಟೆಸೀರೆ ಉಟ್ಟು. ಪಕ್ಕದಲ್ಲಿ ಅವರ ಸೊಸೆ, ಅಂದರೆ ನನ್ನ ಭಾವಮೈದುನ ಸುದರ್ಶನನ ಹೆಂಡತಿ ಮಧುರಾ. ಇಬ್ಬರ ನಡುವೆ ಒಂದೇ ನೀರಿನ ಬಾಟಲಿ. ಅಳಿಯನ ಕೀರ್ತಿ ಕಾಣಲು ಬಂದ ಹೆಣ್ಣುಜೀವಗಳಿಗೆ ವೇದಿಕೆಯಿಂದಲೇ ಕೈಮುಗಿದೆ.

ಭಾಷಣವಾಯಿತು. ಶ್ರೀಗೌರಿಯವರು ಶಾಲನ್ನು ಕೈಯಲ್ಲಿ ಹಿಡಿದುಕೊಂಡು, "ಶಾಲು ಹೊದೆಸುವ ಮೊದಲು ಸಂವಾದ ಮುಗಿಸಿಬಿಡೋಣ, ಬಸ್ಸಿಗೆ ಹೋಗುವವರಿದ್ದಾರೆ" ಎಂದರು. ಮೊದಲು ಮೈಕು ತೆಗೆದುಕೊಂಡವರು ನನ್ನ ಅತ್ತೆ.

"ಅಳಿಯಂದ್ರು ಬರದ್ದ ನಮ್ಮನೆ ಸುದರ್ಶನ ಓದಿ ಹೇಳ್ದ. ಆ ಹಪ್ಪಳದ ಕಂತು ಯಾವ ಚಾನೆಲ್ಲಲ್ಲಿ ಬಂತು, ಕೇಳಿ ಹೋಪ ಹೇಳಿ ಬಂದೆ."

ನಾನು ಗಂಭೀರವಾಗಿ ಚಾನೆಲ್ಲಿನ ಹೆಸರು ಹೇಳಿದೆ.

"ಅಲ್ಲ. ಅದು ನಮ್ಮನೆ ಜಗುಲಿಲಿ ಬಂತು" ಎಂದು ಅತ್ತೆ ಸೊಂಟದಿಂದ ಬೀಗದ ಕೈ ತೆಗೆದು ಸಭೆಗೆ ತೋರಿಸಿದರು. "ಭೂಮಿ ಮೇಲೆ ಹುಟ್ಟೂಕೆ ಸಾಧ್ಯ ಇಲ್ಲೆ ಹೇಳಿ ಬರದ್ರಲಿ, ಹುಟ್ಟಿ ಎಪ್ಪತ್ತೊಂದು ವರ್ಷ ಆತು."

ಮೈಕು ಮಧುರಾಳ ಕೈಗೆ ಹೋಯಿತು. "ಪ್ಯಾಕೆಟ್ ಸೊಸೆ ಆನು, ಭಾವ. ಆವತ್ತು ಹಪ್ಪಳ ಮೂರು ಸಲ ಹಾಕ್ಸ್ಕಂಡು ತಿಂದ ನೆಂಟ್ರು ಇದ್ದ. ಅವ್ರನ್ನೂ ಕರಸವನ?"

ಸಭೆ ಹುಚ್ಚೆದ್ದು ನಗುತ್ತಿತ್ತು. ನಾನು ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ, "ಅತ್ತೆ, ನಿಂಗನೇ ಹೇಳಿ, ಪ್ಯಾಕೆಟ್ ಹಪ್ಪಳ ತಂದಿದ್ದು ತಪ್ಪಲ್ದನ?" ಎಂದೆ.

"ತಪ್ಪೇಯ. ಎನ್ನ ಸೊಸೆಗೆ ಹಪ್ಪಳ ಕರಿಯೂಕೆ ಬತ್ತಿಲ್ಲೆ ಹೇಳಿ ಆನು ಹೇಳ್ಲಕ್ಕು. ಹೇಳೂಕೆ ನಿಂಗ ಯಾರು?" ಎಂದು ಅತ್ತೆ ಗುಡುಗಿದರು. ಮಧುರಾ ಅವರ ಬೆನ್ನು ಸವರಿ ನೀರಿನ ಬಾಟಲಿ ಕೊಟ್ಟಳು. ಎಂಟು ದಿನ ಮುಖ ನೋಡದ ಅತ್ತೆ ಸೊಸೆಯರು ನನ್ನನ್ನು ಬೈಯುವುದಕ್ಕೆ ಒಂದಾಗಿದ್ದರು. ಶ್ರೀಗೌರಿಯವರು ಒಂದು ಕ್ಷಣ ಯೋಚಿಸಿ, ಮೂಲ ಕಥೆ ಇವರದಲ್ಲವೇ ಎಂದು ಶಾಲನ್ನು ನನ್ನ ಅತ್ತೆಗೇ ಹೊದೆಸಿದರು. ಹಣ್ಣಿನ ಬುಟ್ಟಿ ಮಧುರಾಳಿಗೆ ಹೋಯಿತು. ಬಿರುದು ಮಾತ್ರ ಯಾರಿಗೂ ಬೇಡವಾಗಿ ಮೇಜಿನ ಮೇಲೆಯೇ ಉಳಿಯಿತು.

ಹೊನ್ನಾವರದ ಬಸ್ಸಿನಲ್ಲಿ ಮಹಾಲಕ್ಷ್ಮಿ ಕಿಟಕಿಯ ಪಕ್ಕ ಕೂತಳು. ಧಾರೇಶ್ವರ ದಾಟಿತು. ನನಗೆ ತಡೆಯಲಾಗಲಿಲ್ಲ.

"ಹೆಂಗೂ ಒಳ್ಳೇದೇ ಆತಲಿ, ಅತ್ತೆ ಸೊಸೆ ಇಬ್ರೂ ಒಂದಾದ" ಎಂದೆ.

"ಹೌದು."

"ಮತ್ತೆ ನಿಂಗೆಂತಕ್ಕೆ ಸಿಟ್ಟು? ನಿನ್ನ ಬಗ್ಗೆ ಆನು ಎಂತೂ ಬರದ್ನಿಲ್ಲೆ."

ಅವಳು ಕಿಟಕಿಯಿಂದ ಈ ಕಡೆ ತಿರುಗಿದಳು. "ಕತ್ತರಿಸಿ ತೆಗೆದ್ರೂ ನಷ್ಟ ಇಲ್ಲೆ ಹೇಳಿ ಬರದ್ರಲಿ, ಆ ಫೋನಲ್ಲಿ ಅಳೂ ಮಗಳು ಆನು."

ನಾನು ಹಣೆ ಒರೆಸಿಕೊಂಡೆ. ಪಾಪ, ನಿಜಕ್ಕೂ ಬೇಜಾರಾಯಿತು. "ಅಯ್ಯೋ, ಮೊದಲೇ ಒಂದು ಮಾತು ಎನ್ನ ಹತ್ರ ಹೇಳಲಾಗಿತ್ತಿಲ್ಯನೇ?"

"ಹೇಳಿದ್ದೆ" ಎಂದಳು ಮಹಾಲಕ್ಷ್ಮಿ. "ನಿಂಗ ಬರಕಂಡೂ ಇದ್ರಿ."