ಹಿಡಿಯಲ್ಲಿದ್ದ ಹೆಬ್ಬೆರಳು

ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ, ನನ್ನನ್ನು ಸೊಸೆಯಾಗಿ ಒಪ್ಪಿದ್ದು ನನ್ನ ಮುಖ ನೋಡಿ ಅಲ್ಲ. ನನ್ನ ಅಪ್ಪಯ್ಯನ ಸೊಂಟದಲ್ಲಿದ್ದ ಮಡಚುಕತ್ತಿಯ ಹಿಡಿ ನೋಡಿ! ನಗಬೇಡಿ. ಬದುಕಿದ್ದವರ ಜೊತೆ ಮಾತು ಕಡಿಮೆ, ಸತ್ತ ಮರದ ಜೊತೆ ಮಾತು ಹೆಚ್ಚು ಎಂಬಂಥ ಮನುಷ್ಯನ ಮನೆಗೆ ನಾನು ಹೋಗಿ ಸೇರಿದ್ದೇ ಹಾಗೆ.

ನಯಾಪೈಸೆ ಬಂದು, ಜನ ಇನ್ನೂ ಆಣೆಯಲ್ಲೇ ಚೌಕಾಶಿ ಮಾಡುತ್ತಿದ್ದ ಕಾಲ ಅದು. ಬಸ್ರೂರಿನಿಂದ ಬಾರ್ಕೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದರು. ನಾನು ಪಾನಕದ ಲೋಟ ಹಿಡಿದು ಚಾವಡಿಯ ಬಾಗಿಲಿಗೆ ಬಂದರೆ, ಹುಡುಗನ ತಂದೆ ನನಗೆ ಬೆನ್ನು ಹಾಕಿ ಕೂತು ಅಪ್ಪಯ್ಯನ ಚಾಕುವನ್ನು ಮೂಸುತ್ತಿದ್ದಾರೆ! ಅಪ್ಪಯ್ಯ ಅಡಕೆ ಹೋಳು ಮಾಡಲು ಆಗಷ್ಟೇ ಅದನ್ನು ಬಿಚ್ಚಿದ್ದರಂತೆ. ಮೂಸಿದ ಮೇಲೆ ಹಿಡಿಯನ್ನು ಕಿವಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು.

"ಹಲಸಿನ್ ತಿರುಳ್. ಪೂರಾ ಸತ್ತಿತ್ತ್" ಎಂದರು.

ಅಪ್ಪಯ್ಯನಿಗೆ ಗಾಬರಿ. "ಹ್ವಾಯ್, ಎಂತ ಸತ್ತದ್ದ್?"

"ಮರ. ಕೆಲವರ್ ಮನಿ ಹಿಡಿ ಅರ್ಧ ಜೀವ ಇಟ್ಕಂಡ್ ಇರತ್ತ್. ನಿಮ್ದ್ ಶುದ್ಧ ಸತ್ತದ್ದ್. ನಮ್ಗೆ ಸಂಬಂಧ ಒಪ್ಪಿಗೆ."

ಒಳಗೆ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಹೆಣೆ, ಮದಿ ಮಾತಾಡೂಕ್ ಬಂದ್ ಸಾವಿನ್ ಮಾತಾಡ್ತ್ರಲೆ!" ಆದರೆ ಹುಡುಗ ನೋಡಲು ಲಕ್ಷಣವಾಗಿದ್ದ. ನಾನೇ ಹೂಂ ಅಂದೆ.

ಮಾವನವರ ಸಿದ್ಧಾಂತ ಸರಳವಾಗಿತ್ತು. ಕಡಿದ ಕೂಡಲೇ ಮರ ಸಾಯುವುದಿಲ್ಲ. ಅದು ನಿಧಾನವಾಗಿ, ವರ್ಷಗಟ್ಟಲೆ ಸಾಯುತ್ತದೆ. ಪೂರ್ತಿ ಸಾಯುವ ಮೊದಲು ಅದರಿಂದ ಹಿಡಿ ಮಾಡಿದರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಬೇಸಗೆಯಲ್ಲಿ ಕುಗ್ಗಿ ಸಡಿಲವಾಗಿ, ಕೆಲಸದ ನಡುವೆ ಅಲಗು ಫಕ್ಕನೆ ಮಡಚಿ ನಮ್ಮದೇ ಬೆರಳು ಕೊಯ್ಯುತ್ತದೆ. ಇದರಲ್ಲಿ ಅರ್ಧ ಬಡಗಿಯ ಬುದ್ಧಿ, ಅರ್ಧ ಹುಚ್ಚು. ಯಾವ ಅರ್ಧ ಎಲ್ಲಿ ಮುಗಿಯುತ್ತದೆ ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಗದ್ದೆ, ತೆಂಗಿನ ತೋಟ ಎಲ್ಲ ಇದ್ದ ಮನುಷ್ಯ, ಆಳುಗಳಿಗೆ ಕೆಲಸ ಹೇಳಿಬಿಟ್ಟು ದಿನವಿಡೀ ಹಿಡಿ ಕೆತ್ತುತ್ತಿದ್ದರು. ಕೆತ್ತಿದ್ದನ್ನೆಲ್ಲ ಅಟ್ಟದ ಅಡ್ಡಪಟ್ಟಿಗೆ ದಾರದಲ್ಲಿ ಕಟ್ಟಿ ತೂಗುಬಿಡುತ್ತಿದ್ದರು, ಸಾಯಲಿ ಅಂತ!

ಮದುವೆಯಾದ ಹೊಸತು. ಮಟಮಟ ಮಧ್ಯಾಹ್ನ. ಎಲ್ಲರೂ ಗದ್ದೆಗೆ ಹೋಗಿದ್ದರು. ನಾನೊಬ್ಬಳೇ ನಡುಕೋಣೆ ಗುಡಿಸುತ್ತಿದ್ದೆ. ತಲೆಯ ಮೇಲೆ "ಟಕ್" ಎಂದು ಸದ್ದು. ಯಾರೋ ಬೆರಳ ಗೆಣ್ಣಿನಿಂದ ಹಲಗೆ ಬಡಿದಂತೆ. ಚಾವಡಿಯಿಂದ ಒಂದು ಧ್ವನಿ: "ಹೂಂ." ಮತ್ತೆ "ಟಕ್". ಮತ್ತೆ "ಹೂಂ, ಕೇಣ್ತ್ ಕೇಣ್ತ್", ಕೇಳಿಸಿತು ಎಂದು ಯಾರಿಗೋ ಉತ್ತರ ಕೊಟ್ಟಂತೆ. ಹಿಡಿಸೂಡಿ ಅಲ್ಲೇ ಬಿಟ್ಟು ಬಾವಿಕಟ್ಟೆಗೆ ಓಡಿದವಳು ಗಂಡ ಬರುವವರೆಗೆ ಒಳಗೆ ಕಾಲಿಡಲಿಲ್ಲ.

"ಅದ್ ಮರ ಒಣಗೂ ಸದ್ದ್ ಮಾರಾಯ್ತಿ" ಎಂದು ಗಂಡ ನಕ್ಕರು.

"ಹಾಂಗಾರೆ ಹೂಂ ಅಂಬೂದ್ ಎಂತ ಸದ್ದ್?"

"ಅದ್ ನಮ್ ಅಪ್ಪಯ್ಯ ಒಣಗೂ ಸದ್ದ್!"

ಕೊಂಬಿನ ಹಿಡಿಗೆ ನಮ್ಮ ಮನೆಯೊಳಗೆ ಪ್ರವೇಶವೇ ಇರಲಿಲ್ಲ. ಎಮ್ಮೆಯದಾಗಲಿ, ಕಡವೆಯದಾಗಲಿ, ಚಪ್ಪಲಿಯ ಜೊತೆ ಮೆಟ್ಟಿಲಲ್ಲಿ ಬಿಟ್ಟು ಬರಬೇಕು. ಯಾಕೆ ಎಂದು ಮಾವನವರನ್ನು ಕೇಳಿದೆ. "ಮರ ಸಾಯತ್ತ್. ಕೊಂಬ್ ಸಾಯೂದಿಲ್ಲ ಹೆಣೆ. ಅದ್ ಕಾಯ್ತಾ ಇರತ್ತ್" ಎಂದರು. ಏನನ್ನು ಕಾಯುತ್ತದೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಒಮ್ಮೆ ಬೈಂದೂರು ಕಡೆಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಬಂದರು. ಅವರ ಚಾಕುವಿಗೆ ಕಡವೆ ಕೊಂಬಿನ ಹಿಡಿ. ಒರಟು ಒರಟಾಗಿ, ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಒದ್ದೆ ಕೈಯಲ್ಲೂ ಜಾರುವುದಿಲ್ಲ, ಮಳೆಗೆ ಉಬ್ಬುವುದಿಲ್ಲ ಎಂದು ಹೊಗಳಿದ್ದೇ ಹೊಗಳಿದ್ದು. ಮಾವ ಮೆಟ್ಟಿಲು ತೋರಿಸಿದರು. ಮುಖ ಗಂಟು ಹಾಕಿಕೊಂಡು ವ್ಯಾಪಾರಿ ಅದನ್ನು ಹೊರಗಿಟ್ಟರು. ಊಟ ಮುಗಿಸಿ ಬಂದು ನೋಡಿದರೆ, ಮೆಟ್ಟಿಲ ಮೇಲೆ ಬರೀ ಅಲಗು! ಹಿತ್ತಾಳೆ ಮೊಳೆಗಳು ಪಕ್ಕದಲ್ಲಿ ಬಿದ್ದಿವೆ. ಹಿಡಿ ಇಲ್ಲ. ಅಂಗಳದಲ್ಲಿ ನರಪಿಳ್ಳೆಯಿಲ್ಲ, ಗಾಳಿಯಿಲ್ಲ, ಒಂದು ಎಲೆ ಅಲುಗುತ್ತಿಲ್ಲ.

"ಬಂದ್ ತಕಂಡ್ ಹೋಯ್ತ್" ಎಂದರು ಮಾವ, ಮೆಲ್ಲನೆ.

"ಯಾರ್... ಯಾರ್ ಮಾರಾಯ್ರೆ?"

"ಕೊಂಬಿನ್ ಯಜಮಾನ."

ವ್ಯಾಪಾರಿ ಕಾಯಿಯ ದರವನ್ನೂ ಕೇಳದೆ ಬಿರಬಿರನೆ ಗದ್ದೆಬದು ಹತ್ತಿದರು. ಸಂಜೆ ದನಕ್ಕೆ ಹುಲ್ಲು ತರಲು ಹೋದಾಗ ನಾನು ಕಂಡೆ: ಹುಲ್ಲಿನ ಗೊಣಬೆಯ ಹಿಂದೆ ನಮ್ಮ ನಾಯಿ ಕರಿಯ, ಮುಂಗಾಲುಗಳ ನಡುವೆ ಕೊಂಬಿನ ಚೂರು ಹಿಡಿದು, ಜನ್ಮದಲ್ಲಿ ಸಿಗದ ರುಚಿ ಸಿಕ್ಕಿದಂತೆ ಕಡಿಯುತ್ತಿದ್ದಾನೆ! ಓಡಿಬಂದು ಮಾವನಿಗೆ ಹೇಳಿದೆ. ಅವರು ಒಂಚೂರೂ ಅಳುಕಲಿಲ್ಲ. "ನಾಯಿ ಒಂದ್ ನೆಪ" ಎಂದರು.

ಇನ್ನು ನಮ್ಮ ಭಾವನ ಕಥೆ. ನನ್ನ ನಾದಿನಿಯ ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದವರು, ಊರಿಗೆ ಬರುವಾಗ ಮಾವನಿಗೆಂದು ಪ್ಲಾಸ್ಟಿಕ್ ಹಿಡಿಯ ಚಾಕು ತಂದರು. ಕೆಂಪು ಬಣ್ಣ, ಕನ್ನಡಿಯಂಥ ನುಣುಪು. ಮಾವ ಮೂಸಿದರು. ಕಿವಿಗಿಟ್ಟರು. ಮತ್ತೊಂದು ಕಿವಿಗಿಟ್ಟರು. ಅವರ ಮುಖದಲ್ಲಿ ನಾನು ಭಯ ಕಂಡದ್ದು ಅದೇ ಮೊದಲು. ಚಾಕುವನ್ನು ಮೆತ್ತಗೆ ನೆಲಕ್ಕಿಟ್ಟು ಹಿಂದೆ ಸರಿದು ಕೂತರು.

"ಇದ್ ಸತ್ತದ್ದೂ ಅಲ್ಲ, ಬದ್ಕಿದ್ದೂ ಅಲ್ಲ. ಇದ್ ಹುಟ್ಟಲೇ ಇಲ್ಲ" ಎಂದರು.

"ಆದ್ರೆ ಗಟ್ಟಿ ಇತ್ತ್ ಮಾವ! ಎಷ್ಟ್ ವರ್ಷ ಹಿಡ್ದ್ರೂ ಸವೆಯೂದೇ ಇಲ್ಲ!"

"ಸವೆಯೂದಿಲ್ಲ ಅಂದ್ರೆ, ನೀ ಹಿಡ್ದದ್ದ್ ಅದ್ಕ್ ಹ್ಯಾಂಗ್ ಗೊತ್ತಾತ್?"

ಆ ಚಾಕುವನ್ನು ನಾದಿನಿಯೇ ವಾಪಸು ತೆಗೆದುಕೊಂಡು ಹೋದಳು.

ಮಾವ ಯಾಕೆ ಹಾಗೆ ಕೇಳಿದರು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಡುಕೋಣೆಯ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಚೌಕುಳಿ ಬಟ್ಟೆಯಲ್ಲಿ ಸುತ್ತಿಟ್ಟ ಇನ್ನೊಂದು ಮಡಚುಕತ್ತಿ. ನನ್ನ ಅತ್ತೆಯದು. ಅತ್ತೆಯನ್ನು ನಾನು ನೋಡಿಲ್ಲ. ನಾನು ಆ ಮನೆಗೆ ಬರುವ ಮೊದಲೇ ಅವರು ತೀರಿಹೋಗಿದ್ದರು. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ.

ಆ ಚಾಕುವಿನ ಹಿಡಿ ಮಾವ ಮದುವೆಯಾದ ವರ್ಷ, ಮರದ ತಲೆಬುಡ ಗೊತ್ತಿಲ್ಲದ ವಯಸ್ಸಿನಲ್ಲಿ ಕೆತ್ತಿದ್ದು. ಯಾವ ಮರ ಗೊತ್ತೇ? ಹಾಲೆ ಮರ! ದೆವ್ವ ಕೂರುವ ಮರ ಎಂದು ನಮ್ಮಲ್ಲಿ ಮಕ್ಕಳನ್ನು ಹೆದರಿಸುವ ಮರ. ಬೆಂಡಿನಂತೆ ಹಗುರ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಹಿಡಿಗೆ ಅದಕ್ಕಿಂತ ಕೆಟ್ಟ ಮರ ಹುಡುಕಿದರೂ ಸಿಗಲಿಕ್ಕಿಲ್ಲ. ಆಮೇಲೆ ಬುದ್ಧಿ ಬಂದು, ನಾಚಿಕೆಯಾಗಿ, ಮಾವ ಬೀಟೆಯದು ಕೆತ್ತಿದರು, ಹುಣಸೆ ತಿರುಳಿನದು ಕೆತ್ತಿದರು, ಹಲಸಿನದು ಕೆತ್ತಿದರು. ಅತ್ತೆ ಒಂದನ್ನೂ ಒಪ್ಪಲಿಲ್ಲವಂತೆ. "ನಂಗ್ ಇದೇ ಸಾಕ್, ಕೈ ಕೂತಿತ್ತ್" ಎಂದು ಬಿಡುತ್ತಿದ್ದರಂತೆ. ಮಾವನ ಹಿಡಿಯ ಹುಚ್ಚು ಹಿಡಿದದ್ದೇ ಅಲ್ಲಿಂದ ಎಂದು ನನ್ನ ಗಂಡ ಹೇಳುತ್ತಿದ್ದರು. ಅಟ್ಟದಲ್ಲಿ ತೂಗುತ್ತಿದ್ದವುಗಳಲ್ಲಿ ಮುಕ್ಕಾಲು ಪಾಲು ಅತ್ತೆಗೆಂದೇ ಕೆತ್ತಿದವು.

ಬೀಟೆ ಯಾರ ಕೈಗೂ ಸೋಲುವುದಿಲ್ಲ. ಈ ಕೆಟ್ಟ ಹಾಲೆ ಮರ ಸೋತಿತ್ತು. ತರಕಾರಿ ಹೆಚ್ಚಿ, ಬಾಳೆಲೆ ಕೊಯ್ದು, ತೆಂಗಿನ ಮಡಲಿನ ಕಡ್ಡಿ ಸೀಳಿ, ಅತ್ತೆಯ ಹೆಬ್ಬೆರಳು ಕೂತಲ್ಲಿ ಒಂದು ಗುಳಿ ಬಿದ್ದಿತ್ತು. ಅವರ ಕೈ ಈ ಲೋಕದಲ್ಲಿ ಬಿಟ್ಟುಹೋದ ಗುರುತು ಅದೊಂದೇ. ಅದು ಅಳಿಯಬಾರದು, ಮಾವನವರಿಗೆ ಬೇಕಾದದ್ದು ಅಷ್ಟೇ. ಯಾರೂ ಮುಟ್ಟುವಂತಿಲ್ಲ. "ಒಂದೊಂದ್ ಕೈ ತಾಗ್ದ್ರೂ ಅವ್ಳ್ ಒಂಚೂರ್ ಹೋತ್ಲ್" ಎನ್ನುತ್ತಿದ್ದರು. ತಾವೂ ಹಿಡಿಯುತ್ತಿರಲಿಲ್ಲ, ಬಟ್ಟೆ ಸರಿಸಿ ನೋಡಿ ಮುಚ್ಚಿಬಿಡುವರು.

ಆದರೆ ಆ ಚಾಕು ಸುಮ್ಮನಿರಬೇಕಲ್ಲ! ಮಳೆಗಾಲದಲ್ಲಿ ಮಾವ ಬಟ್ಟೆ ಸಮೇತ ಹಿಡಿದು ಅಲಗಿನ ಅಂಚಿಗೆ ಉಗುರು ಹಾಕಿ ಎಳೆದರೆ ಬಿಚ್ಚುತ್ತಿರಲಿಲ್ಲ. "ಸಿಟ್ಟ್ ಬಂದಿತ್ತ್. ಮಳೆಗಾಲದಗೆ ಅವ್ಳ್ ಮಾತಾಡೂದೇ ಕಮ್ಮಿ" ಎನ್ನುವರು. ಬೇಸಗೆಯ ಒಂದು ಮಧ್ಯಾಹ್ನ ಮಾತ್ರ ನನ್ನ ಮೈ ಜುಂ ಎಂದದ್ದು ನಿಜ. ಬಟ್ಟೆ ಅದರಷ್ಟಕ್ಕೇ ಸಡಿಲವಾಗಿತ್ತು. ಯಾರೂ ಮುಟ್ಟದ ಚಾಕು ಅರ್ಧ ಬಿಚ್ಚಿ, ಅಲಗಿನ ತುದಿ ಅಡುಗೆಮನೆಯ ಕಡೆ ಚಾಚಿತ್ತು. ಸರಿಯಾಗಿ ನಾನು ನಿಂತ ಬಾಗಿಲಿಗೆ! ಮರ ಕುಗ್ಗಿ ಸಡಿಲವಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮಾವ ಚಾಕು ನೋಡಿದರು, ನನ್ನನ್ನು ನೋಡಿದರು.

"ಹೆಣೆ, ಇವತ್ತ್ ಸಾರಿಗೆ ಉಪ್ಪ್ ಜಾಸ್ತಿ ಹಾಕಿದ್ಯಾ?"

ಓಡಿಹೋಗಿ ರುಚಿ ನೋಡಿದೆ. ಉಪ್ಪು ಗಂಟಲು ಸುಡುವಷ್ಟಿತ್ತು! ಸತ್ತ ಅತ್ತೆಯ ಕೈಯಲ್ಲಿ ಬೈಸಿಕೊಂಡ ಸೊಸೆ ನಮ್ಮ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಹೀಗೆ ಹೆದರುತ್ತ, ನಗುತ್ತ ವರ್ಷಗಳು ಹೋದವು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಮಾವನವರ ಬೆನ್ನು ಬಾಗಿತ್ತು. ಒಂದು ದಿನ ಗೂಡಿನಿಂದ ಸದ್ದು ಕೇಳಿಸಿತು. ಕಿರ್ರ್... ಕಿರ್ರ್... ಉಗುರಿನಿಂದ ಒಳಗಿನಿಂದ ಕೆರೆದಂತೆ. ತಡೆದು ತಡೆದು, ಯೋಚಿಸಿ ಮಾತಾಡಿದಂತೆ. ಮಾವ ಮಂಚವನ್ನು ಎಳೆದು ಗೂಡಿನ ಕೆಳಗೇ ಹಾಕಿಕೊಂಡರು. ಅಟ್ಟದ "ಟಕ್"ಗೆ ಹೂಂಗುಡುವುದನ್ನೇ ಬಿಟ್ಟರು. "ಹೂಂ... ಹೌದಾ... ಮತ್ತೆ?" ಎಂದು ಗೋಡೆಗೆ ಮುಖ ಮಾಡಿ ಪಿಸುಗುಡುವರು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳತೊಡಗಿದರು. ಕೇಳಿ ಹಾಕಿಸಿಕೊಂಡು ಊಟ ಮಾಡಿದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿರಲೇ ಇಲ್ಲ, ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ಗುಡಿಸುವಾಗ ಗೂಡಿನ ಕೆಳಗೆ ಬಿಳಿ ಹಿಟ್ಟು ಬಿದ್ದಿತ್ತು. ಅಕ್ಕಿ ಹಿಟ್ಟು ಇಲ್ಲಿಗೆ ಹೇಗೆ ಬಂತು? ಮರುದಿನವೂ ಇತ್ತು. ಅದರ ಮರುದಿನವೂ. ತಲೆಯೆತ್ತಿ ಗೂಡು ನೋಡಿದೆ, ಅರ್ಥವಾಯಿತು. ಕುಟ್ಟೆ ಹುಳ! ಹಿಡಿಯನ್ನು ಒಳಗಿನಿಂದ ತಿಂದು ಪುಡಿ ಮಾಡುತ್ತಿತ್ತು. ಮಾವ ಕೇಳುತ್ತಿದ್ದ ಮಾತು ಅದು.

ಹೇಳಿದರೆ ಮುದುಕನ ಮಾತುಕತೆ ನಿಲ್ಲುತ್ತದೆ. ಹೇಳದಿದ್ದರೆ ಅತ್ತೆಯ ಹೆಬ್ಬೆರಳ ಗುರುತು ಹಿಟ್ಟಾಗಿ ನೆಲಕ್ಕೆ ಬೀಳುತ್ತದೆ. ಗಂಡನಿಗೆ ಹೇಳಿದೆ. "ನೀನೇ ಹೇಳ್, ನಂಗಾತಿಲ್ಲ" ಎಂದು ಗದ್ದೆಗೆ ಹೋದರು. ಗಂಡಸರ ಧೈರ್ಯ ಯಾವಾಗಲೂ ಅಷ್ಟೇ! ಕೊನೆಗೆ ನಾನೇ ಅಂಗೈಯಲ್ಲಿ ಹಿಟ್ಟು ಹಿಡಿದು ಮಂಚದ ಹತ್ತಿರ ಹೋಗಿ ನಿಂತೆ.

ಮಾವ ಬೆರಳಲ್ಲಿ ಹಿಟ್ಟು ಮುಟ್ಟಿದರು.

"ಗೊತ್ತಿತ್ತ್ ಹೆಣೆ. ಇಡೀ ಜೀವ್ಮಾನ ಮರ ಕೆತ್ತಿದವ್ನಿಗೆ ಕುಟ್ಟೆ ಸದ್ದ್ ತಿಳೀದೇ ಇರತ್ತಾ?"

"ಮತ್ತೆ ಹೂಂಗುಟ್ಟೂದ್ ಎಂತಕೆ ಮಾವ?"

"ಬೇರೆ ಎಂತ ಕೇಣ್ತ್ ನಂಗೆ, ಹೇಳ್?"

ಹುಳ ಬಾರದಂತೆ ದೋಣಿಗೆ ಬಳಿಯುವ ಗೇರೆಣ್ಣೆ ಹಚ್ಚೋಣವೇ ಎಂದೆ. ಬೇಡ, ಕಪ್ಪು ಮೆತ್ತಿಕೊಂಡು ಗುಳಿಯೇ ತುಂಬಿಹೋಗುತ್ತದೆ ಎಂದರು. ಆ ದಿನವೆಲ್ಲ ಹಿಡಿಯನ್ನು ಅಂಗಳದ ಉರಿಬಿಸಿಲಿಗಿಟ್ಟು ಪಕ್ಕದಲ್ಲೇ ಕೂತರು. ಕೆರೆಯುವ ಸದ್ದು ನಿಂತಿತು. ಮರುದಿನ ಬೆಳಿಗ್ಗೆ ಬಟ್ಟೆ ಪೂರ್ತಿ ಬಿಚ್ಚಿ ಚಾಕುವನ್ನು ನನ್ನ ಮುಂದೆ ಹಿಡಿದರು.

"ತಕೋ. ಬಸಳೆ ಕೊಯ್ಕಂಡ್ ಬಾ."

ನಾನು ಎರಡೂ ಕೈ ಹಿಂದಕ್ಕೆಳೆದುಕೊಂಡೆ. "ಬ್ಯಾಡ ಮಾವ! ನನ್ ಕೈಯಗೆ ಸವ್ದ್ ಹೋತ್!"

"ಕೈ ಬಿಟ್ಟ್ ಹಿಡಿಗೇ ಕುಟ್ಟೆ ಬಪ್ಪೂದ್. ದಿನಾ ಕೈಯಾಡೂ ಹಿಡಿ ಹತ್ರ ಬತ್ತಿಲ್ಲ. ಸವೀಲಿ. ಹುಳ ತಿಂಬೂಕಿಂತ ನಿನ್ ಕೈಯಗೆ ಸವೆಯೂದ್ ಒಳ್ಳೇದ್."

ಹಿಡಿದೆ. ಗಾಳಿಯಷ್ಟು ಹಗುರವಿತ್ತು. ಹೆಬ್ಬೆರಳನ್ನು ಗುಳಿಯಲ್ಲಿಟ್ಟೆ. ಅದು ಒಳಗೆ ಕೂರಲಿಲ್ಲ, ಎರಡೂ ಬದಿಗೆ ಹೊರಚಾಚಿತು. ನನ್ನದೇನು ದೊಡ್ಡ ಕೈಯಲ್ಲ.

"ಅತ್ತೆದ್ ಸಣ್ ಕೈಯಾ ಮಾವ?" ಎಂದು ಕೇಳಿದೆ.

"ಸಣ್ದ್. ಬರೀ ಸಣ್ದ್" ಎಂದರು ಮಾವ. "ಅವ್ಳ್ ಕೈ ಅಳತಿ ಗಾಜಿನ್ ಬಳಿ ಎಲ್ಲೂ ಸಿಕ್ತಿರ್ಲಿಲ್ಲ. ಕುಂದಾಪ್ರಕ್ ಹೋಯಿ ಮಕ್ಕಳ್ ತೊಡೂ ಬಳಿ ತಕಂಡ್ ಬತ್ತಿದ್ದೆ. ಅಂಗ್ಡಿಯವ ‘ಮಗಳಿಗಾ?’ ಅಂದೇಳಿ ಕೇಣ್ತಿದ್ದ. ನಂಗ್ ನಾಚ್ಕಿ ಆಯಿ, ಹೌದ್ ಅಂದೇಳಿ ಬತ್ತಿದ್ದೆ."

ಹೇಳುತ್ತ ಹೇಳುತ್ತ ನಕ್ಕರು. ನಗುತ್ತಲೇ ಪಂಚೆಯ ಅಂಚನ್ನು ಕಣ್ಣಿಗೆ ಒತ್ತಿಕೊಂಡು, ಹೋಗು ಎಂಬಂತೆ ನನಗೆ ಕೈಸನ್ನೆ ಮಾಡಿದರು. ನಾನು ಬಸಳೆ ಚಪ್ಪರದಡಿ ಹೋಗಿ, ಎಂದೂ ಕಾಣದ ಆ ಸಣ್ಣ ಕೈಯ ಹೆಂಗಸಿಗಾಗಿ ಮನಸಾರೆ ಅತ್ತುಬಿಟ್ಟೆ.